ಕಂಪನಿ ಕಟ್ಟಲು ಪತ್ರಿಕಾ ಪ್ರಕಟಣೆ ಬೇಕೇ?

ಪ್ರಶ್ನೆ: ಬ್ಯಾಡಗಿಯಲ್ಲಿ ನಾವು ಮೂವರು ನೋಂದಾಯಿತ ಪಾಲುದಾರಿಕೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ನಡೆಸುತ್ತಿದ್ದೇವೆ. ಹಿರಿಯ ಪಾಲುದಾರರು ಹೊರಬರುತ್ತಿದ್ದಾರೆ. ಉಳಿದ ಇಬ್ಬರೂ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಳ್ಳಬೇಕೆಂದಿದ್ದೇವೆ. ಪತ್ರಿಕೆಯಲ್ಲಿ ಪ್ರಕಟಣೆ ಕಡ್ಡಾಯವೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಹೊಸದಾಗಿ ಕಂಪನಿ ಸ್ಥಾಪಿಸುವುದಾದರೆ 2013ರ ಕಂಪನಿಗಳ ಕಾಯ್ದೆ ಪತ್ರಿಕಾ ಪ್ರಕಟಣೆಯನ್ನು ಕೇಳುವುದಿಲ್ಲ. ಆದರೆ ಈಗಿರುವ ಪಾಲುದಾರಿಕೆ ಸಂಸ್ಥೆಯನ್ನೇ ಕಂಪನಿಯಾಗಿ ನೋಂದಾಯಿಸುವುದಾದರೆ ಯುಆರ್‌ಸಿ-2 ನಮೂನೆಯ ಜಾಹೀರಾತನ್ನು ಒಂದು ಇಂಗ್ಲಿಷ್ ಹಾಗೂ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ 21 ದಿನಗಳ ಅವಕಾಶ ಕೊಡಬೇಕು.

ನಿಮ್ಮ ಪ್ರಕರಣದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಹಿರಿಯರ ನಿವೃತ್ತಿಯ ವಿಷಯದಲ್ಲಿ. 1932ರ ಪಾಲುದಾರಿಕೆ ಕಾಯ್ದೆಯ 32ನೇ ಕಲಮಿನ ಪ್ರಕಾರ, ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ, ಅವರು ಪಾಲುದಾರರೆಂದು ತಿಳಿದು ವ್ಯವಹರಿಸಿದ ಹೊರಗಿನವರಿಗೆ ಅವರ ಹೊಣೆ ಮುಂದುವರಿಯುತ್ತದೆ. ಅಂದರೆ ಮುಂದಿನ ಸುಗ್ಗಿಯಲ್ಲಿ ಸಂಸ್ಥೆಯ ಹೆಸರಿನಲ್ಲಿ ಉದ್ರಿ ಖರೀದಿಸಿದ ಮಾಲಿನ ಬಾಕಿಗಾಗಿ ರೈತರು ಅವರ ಮನೆ ಬಾಗಿಲಿಗೂ ಬರಬಹುದು. ಸ್ಟಾಂಪ್ ಕಾಗದದ ಮೇಲೆ ನಿಮ್ಮ ನಿಮ್ಮಲ್ಲೇ ಬರೆದುಕೊಂಡ ಒಪ್ಪಂದವೇ ಸಾಕೆಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ; ಆದರೆ ಇದಕ್ಕೆ ಅದು ಸಾಲದು. 72ನೇ ಕಲಮಿನಂತೆ ಸಂಸ್ಥೆಗಳ ರಿಜಿಸ್ಟ್ರಾರರಿಗೆ ಸೂಚನೆ ಕೊಟ್ಟು, ರಾಜ್ಯಪತ್ರದಲ್ಲಿಯೂ ನಿಮ್ಮ ಜಿಲ್ಲೆಯಲ್ಲಿ ಪ್ರಸಾರವಿರುವ ಕನಿಷ್ಠ ಒಂದು ಕನ್ನಡ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಪ್ರಕಟಣೆಯಲ್ಲಿ ಸಂಸ್ಥೆಯ ಹೆಸರು, ವಿಳಾಸ ಮತ್ತು ನಿವೃತ್ತಿಯ ದಿನಾಂಕ ಸ್ಪಷ್ಟವಾಗಿರಲಿ. ಪತ್ರಿಕೆಯ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿ.

ಕಂಪನಿಯಾದ ಮೇಲೆ ನೋಂದಾಯಿತ ಕಚೇರಿಯ ಹೊರಗೆ ಹೆಸರು, ವಿಳಾಸದ ಫಲಕ ಕನ್ನಡ ಲಿಪಿಯಲ್ಲಿಯೂ ಇರಬೇಕು.