ಇಳಿದು ಹೊಡೆದರೂ ಕೇಸು, ಇಳಿಯದೆ ಹೊಡೆದರೂ ಕೇಸು

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮುಧೋಳದ ಕಡೆ ನಿಮ್ಮ ಭಾವನವರ ಹೊಲವಿದೆ. ಹಬ್ಬಕ್ಕೆ ಗೆಳೆಯರು ಸೇರಿದರೆ ರಾತ್ರಿ ಜೀಪು ತೆಗೆದು, ಟಾರ್ಚು ಬಿಟ್ಟು, ಕೌಜುಗ ಮತ್ತು ಲಾವಕ್ಕಿ ಹೊಡೆಯುತ್ತಾರೆ. ಹೊಲ ಸ್ವಂತದ್ದು, ಬಂದೂಕಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇದೆ. ಇದು ಅಪರಾಧವೇ? ಜೀಪಿನಿಂದ ಇಳಿದು ಹೊಡೆದರೆ ನಡೆಯುತ್ತದೆಯೇ? ಅಮೆರಿಕದಲ್ಲಿ ರಾಜಾರೋಷವಾಗಿ ನಡೆಯುತ್ತದಲ್ಲ? ಬಂದೂಕು ಮುಟ್ಟದೆ ಸ್ಟಿಯರಿಂಗ್ ಮಾತ್ರ ಹಿಡಿಯುವ ಭಾವನವರಿಗೂ ತೊಂದರೆ ಇದೆಯೇ?

ನಾನು ಬಾಗಲಕೋಟೆ ಜಿಲ್ಲೆಯ ಕೋರ್ಟುಗಳಲ್ಲಿ ವಕೀಲಿಕೆ ಮಾಡುವವನು, ಹುಟ್ಟಿದ್ದು ಒಕ್ಕಲುತನದ ಮನೆಯಲ್ಲಿ. ಈ ಪ್ರಶ್ನೆಯನ್ನು ನನಗೆ ಕಚೇರಿಗೆ ಬಂದವರೂ ಕೇಳುತ್ತಾರೆ, ಮದುವೆ ಊಟದಲ್ಲಿ ಪಕ್ಕ ಕುಳಿತವರೂ ಕೇಳುತ್ತಾರೆ. ಕಾನೂನಿನ ಮಟ್ಟಿಗೆ ಉತ್ತರ ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಅನುಸೂಚಿಗಳಲ್ಲಿರುವ ಯಾವ ಪ್ರಾಣಿ, ಪಕ್ಷಿಯನ್ನೂ ಬೇಟೆಯಾಡಬಾರದು ಎನ್ನುತ್ತದೆ. ಕೌಜುಗವೂ ಲಾವಕ್ಕಿಯೂ ಆ ಪಟ್ಟಿಯಲ್ಲಿವೆ. ಹೊಲ ಯಾರದು ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಹಕ್ಕಿ ನಿಮ್ಮ ಬದುವಿನ ಮೇಲೆ ಓಡಾಡಿದ ಮಾತ್ರಕ್ಕೆ ನಿಮ್ಮ ಮನೆಯ ಕೋಳಿಯಾಗುವುದಿಲ್ಲ.

ಇನ್ನು ಬೇಟೆ ಎಂದರೆ ಕೊಲ್ಲುವುದು ಮಾತ್ರ ಎಂದುಕೊಂಡವರೇ ಹೆಚ್ಚು. ಕಾಯ್ದೆಯ ಪ್ರಕಾರ ಹಿಡಿಯುವುದು, ಉರುಲು ಹಾಕುವುದು, ಬೆನ್ನಟ್ಟುವುದು, ಆಮಿಷ ಒಡ್ಡುವುದು, ಗೂಡಿನಲ್ಲಿರುವ ಮೊಟ್ಟೆಗೆ ಕೈ ಹಾಕುವುದು ಸಹ ಬೇಟೆಯೇ. ಕೊಲ್ಲಲು, ಹಿಡಿಯಲು ಮಾಡಿದ ಪ್ರಯತ್ನವೂ ಬೇಟೆಯೇ. ‘ಗುರಿ ತಪ್ಪಿತು ಸಾಹೇಬರೇ, ಒಂದೂ ಬೀಳಲಿಲ್ಲ’ ಎಂಬ ಮಾತು ಅರಣ್ಯ ಇಲಾಖೆಯವರ ಮುಂದೆ ತಪ್ಪೊಪ್ಪಿಗೆಯಾಗುತ್ತದೆಯೇ ಹೊರತು ಸಮರ್ಥನೆಯಾಗುವುದಿಲ್ಲ. ಏರ್‌ಗನ್, ಕವಣೆ, ಬಲೆ, ಯಾವುದರಿಂದ ಹೊಡೆದರೂ ಹಿಡಿದರೂ ಲೆಕ್ಕ ಒಂದೇ.

ಹಿಂದೆ ಸರ್ಕಾರವೇ ಶಿಕಾರಿಗೆ ಲೈಸೆನ್ಸ್ ಕೊಡುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಸುಳ್ಳಲ್ಲ. 1972ರ ಮೂಲ ಕಾಯ್ದೆಯಲ್ಲಿ ಸಣ್ಣ ಬೇಟೆ, ದೊಡ್ಡ ಬೇಟೆ ಎಂದು ವಿಂಗಡಿಸಿ ಪರವಾನಗಿ ಕೊಡುವ ವ್ಯವಸ್ಥೆ ಇತ್ತು. ಆದರೆ ಅದೇ ಕಾಯ್ದೆಯ 17ನೇ ಕಲಂ ಪರವಾನಗಿ ಇದ್ದವರಿಗೂ ಕೆಲವು ಕೆಲಸಗಳನ್ನು ನಿಷೇಧಿಸಿತ್ತು: ವಾಹನದಿಂದ ಬೇಟೆಯಾಡಬಾರದು, ಬೇಟೆಗೆ ದೀಪ ಬಳಸಬಾರದು, ಸೂರ್ಯ ಮುಳುಗಿದ ಮೇಲೆ ಹೊಡೆಯಬಾರದು. ಅಂದರೆ ಬೇಟೆಗೆ ಅನುಮತಿ ಇದ್ದ ಕಾಲದಲ್ಲಿಯೂ ಭಾವನವರ ಗೆಳೆಯರ ಪದ್ಧತಿ ಈ ಮೂರೂ ಲೆಕ್ಕದಲ್ಲಿ ತಪ್ಪೇ ಆಗಿತ್ತು. 1991ರ ತಿದ್ದುಪಡಿಯಲ್ಲಿ ಪರವಾನಗಿಯ ವ್ಯವಸ್ಥೆಯನ್ನೇ ಕಿತ್ತುಹಾಕಿದರು. ಪರವಾನಗಿ ಹೋದ ಮೇಲೆ ಅದರ ಷರತ್ತಿಗೆ ಕೆಲಸವಿಲ್ಲದೆ 17ನೇ ಕಲಂ ಕೂಡ ಹೋಯಿತು. ಆದ್ದರಿಂದ ಇಂದು ‘ಇಳಿದು ಹೊಡೆದರೆ’ ಎಂಬ ಪ್ರಶ್ನೆಗೆ ಅರ್ಥವೇ ಉಳಿದಿಲ್ಲ.

ಬಂದೂಕಿನ ಲೈಸೆನ್ಸ್ ಸಿಗುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ. ಅದು ಬಂದೂಕು ಇಟ್ಟುಕೊಳ್ಳಲು ಅನುಮತಿ, ಹಕ್ಕಿ ಹೊಡೆಯಲು ಅಲ್ಲ. ಬೆಳೆಗೆ ಹಾವಳಿ ಮಾಡುವ ಪ್ರಾಣಿಯನ್ನು ಹೊಡೆಯಬೇಕಾದರೂ ವನ್ಯಜೀವಿ ಕಾಯ್ದೆಯ 11ನೇ ಕಲಂ ಪ್ರಕಾರ ಅಧಿಕಾರ ಇರುವ ಅಧಿಕಾರಿಯ ಲಿಖಿತ ಆದೇಶ ಬೇಕು, ಅದೂ ಎರಡನೇ ಅನುಸೂಚಿಯ ಪ್ರಾಣಿಗಳಿಗೆ ಮಾತ್ರ. ನವಿಲು ಮೊದಲನೇ ಅನುಸೂಚಿಯಲ್ಲಿದೆ. ಬಿತ್ತಿದ ಶೇಂಗಾ ಕೆದರಿ ತಿಂದರೂ ಬೆಳೆ ನಷ್ಟದ ಕಾರಣಕ್ಕೆ ಅದನ್ನು ಹೊಡೆಯಲು ಆದೇಶ ಸಿಗುವುದಿಲ್ಲ. ರೈತರಿಗೆ ಇದು ಅನ್ಯಾಯವೆಂದು ಕಾಣುತ್ತದೆ, ಅವರ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಕೌಜುಗದ ವಿಷಯದಲ್ಲಿ ಬೆಳೆಯ ನೆಪ ನಿಲ್ಲುವುದಿಲ್ಲ. ಅದು ಹುಲ್ಲಿನ ಬೀಜ, ಗೆದ್ದಲು, ಇರುವೆ ಹೆಕ್ಕಿಕೊಂಡು ತಿರುಗುವ ಹಕ್ಕಿ. ಗೆದ್ದಲಿನ ಕಾಟ ಕಂಡ ಒಕ್ಕಲಿಗ ಅದಕ್ಕೆ ಕಲ್ಲೂ ಎಸೆಯಬಾರದು.

ಈಗ ವಾಹನದ ವಿಷಯ. ನಮ್ಮ ಕಾಯ್ದೆ ವಾಹನ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯನ್ನು ಒಮ್ಮೆ ಓದಬೇಕು. ನೆಲ, ನೀರು, ಗಾಳಿಯಲ್ಲಿ ಸಂಚರಿಸುವ ಯಾವುದೇ ಸಾಧನವೂ ವಾಹನ. ಅದರ ಜೊತೆಗೆ ಎತ್ತು, ಕೋಣ, ಕುದುರೆ, ಒಂಟೆ, ಕತ್ತೆ, ಆನೆ, ಇವೂ ವಾಹನವೇ. ಕಿರಿಯ ವಕೀಲರು ಇದನ್ನು ಮೊದಲ ಸಲ ಓದಿದಾಗ ನಗುತ್ತಾರೆ. ಆದರೆ ದಖ್ಖನ್ನಿನ ಬಯಲಿನಲ್ಲಿ ಎರೆಭೂತವನ್ನು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯನ್ನು, ಹೇಗೆ ಹೊಡೆಯುತ್ತಿದ್ದರು ಎಂದು ಗೊತ್ತಿದ್ದವರು ನಗುವುದಿಲ್ಲ. ಎತ್ತರದ ಕಾಲು, ಚೂಪು ಕಣ್ಣಿನ ಆ ದೊಡ್ಡ ಹಕ್ಕಿ ನಡೆದು ಬರುವ ಮನುಷ್ಯನನ್ನು ಬಹಳ ದೂರದಿಂದಲೇ ಗುರುತಿಸಿ ಸರಿದುಬಿಡುತ್ತದೆ. ಎತ್ತಿನ ಗಾಡಿಗೆ ಮಾತ್ರ ಹೆದರುವುದಿಲ್ಲ; ದಿನವೂ ಹೊಲದಲ್ಲಿ ನೋಡಿದ ಗಾಡಿ ತಾನೇ. ಅದನ್ನು ತಿಳಿದೇ ಬೇಟೆಗಾರರು ಗಾಡಿಯಲ್ಲಿ ಅಡಗಿ, ಸುತ್ತು ಹಾಕುತ್ತ ಹಾಕುತ್ತ ಸುತ್ತನ್ನು ಕಿರಿದು ಮಾಡಿ, ಬಂದೂಕಿನ ಅಳತೆಯೊಳಗೆ ಬರುತ್ತಿದ್ದರು. ಗಾಡಿಯ ಜಾಗಕ್ಕೆ ಜೀಪು ಬಂದ ಮೇಲೆ ಕೆಲಸ ಇನ್ನೂ ಸುಲಭವಾಯಿತು. ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಹುಲ್ಲುಗಾವಲು ಹೋದದ್ದು, ಈಚೆಗೆ ವಿದ್ಯುತ್ ತಂತಿಗಳು ಬಂದದ್ದು ಸಹ ಕಾರಣಗಳೇ, ಆದರೆ ಅದನ್ನು ಅಂಚಿಗೆ ತಳ್ಳಿದವರಲ್ಲಿ ಜೀಪಿನವರ ಪಾಲು ದೊಡ್ಡದು. ಇಂದು ಕರ್ನಾಟಕದಲ್ಲಿ ಎರೆಭೂತ ನೋಡಬೇಕೆಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಹೋಗಿ ಅದೃಷ್ಟ ಪರೀಕ್ಷೆ ಮಾಡಬೇಕು.

ಕೌಜುಗದ ಕಥೆಯೂ ಬೇರೆಯಲ್ಲ. ಬೆಳಗಿನ ಹೊತ್ತು ಮರಡಿಯ ಕಡೆ ಬೈಕಿನಲ್ಲಿ ಹೋದವರು ನೋಡಿಯೇ ಇರುತ್ತೀರಿ. ಗಾಡಿಯ ಸದ್ದಿಗೆ ಅದು ಕೂಡಲೇ ಹಾರುವುದಿಲ್ಲ. ಕುತ್ತಿಗೆ ಚಾಚಿಕೊಂಡು ಗಾಲಿಯ ಜಾಡಿನಲ್ಲಿಯೇ ಮುಂದೆ ಮುಂದೆ ಓಡುತ್ತದೆ, ಹಿಂದೆ ಮರಿಗಳಿದ್ದರೆ ಅವೂ ಸಾಲಾಗಿ ಓಡುತ್ತವೆ. ತೀರ ಹತ್ತಿರ ಬಂದಾಗ ಮಾತ್ರ ರಪ್ಪನೆ ಎದ್ದು ಬಾರಿ ಕಂಟಿಯ ಆಚೆ ಬೀಳುತ್ತದೆ. ಕಾಲ್ನಡಿಗೆಯಲ್ಲಿ ಬಂದವನಿಗೆ ಅದು ಇಷ್ಟು ಸಲುಗೆ ಕೊಡುವುದಿಲ್ಲ. ಸಂಜೆಯಾದರೆ ಇಡೀ ಗುಂಪು ಗಿಡ್ಡ ಜಾಲಿಯ ಮೇಲೆ ಏರಿ ಒತ್ತಾಗಿ ಕುಳಿತುಕೊಳ್ಳುತ್ತದೆ. ಜೀಪಿನ ಮೇಲಿಂದ ಬೆಳಕು ಬಿಟ್ಟರೆ ಕಣ್ಣು ಕುಕ್ಕಿ ಅಲ್ಲಿಯೇ ಕುಳಿತಿರುತ್ತದೆ. ಚರೆ ತುಂಬಿದ ಒಂದು ತೋಟಾ ಸಾಕು, ಎರಡು ಮೂರು ಬೀಳುತ್ತವೆ. ಗಾಯಗೊಂಡ ಒಂದೆರಡು ಮುಳ್ಳಿನೊಳಗೆ ನುಸುಳುತ್ತವೆ. ಆ ಕತ್ತಲಲ್ಲಿ ಕಂಟಿಯೊಳಗೆ ಕೈ ಹಾಕಿ ಅವನ್ನು ಹುಡುಕುವ ಶಿಕಾರಿಯವನನ್ನು ನಾನು ಕಂಡಿಲ್ಲ. ಜೀಪು ಮುಂದಿನ ಮರಕ್ಕೆ ಹೋಗಿರುತ್ತದೆ.

ನನ್ನ ತಕರಾರು ಇಲ್ಲಿದೆ. ನಾನು ಮಾಂಸ ತಿನ್ನುವವನೇ, ಅಹಿಂಸೆಯ ಪಾಠ ಹೇಳಲು ಕುಳಿತಿಲ್ಲ. ಆದರೆ ನೆಲದ ಹಕ್ಕಿಗೆ ಇರುವ ಆಸ್ತಿ ಎಂದರೆ ತನಗೂ ಮನುಷ್ಯನಿಗೂ ನಡುವಿನ ಅಂತರ, ಅಷ್ಟೇ. ಹಳೆಯ ಶಿಕಾರಿಯವನು ಆ ಅಂತರವನ್ನು ನಡೆದು, ಬಾಗಿ, ಬೆವರಿ ಗಳಿಸಬೇಕಿತ್ತು. ಹತ್ತು ಸಲಕ್ಕೆ ಎಂಟು ಸಲ ಹಕ್ಕಿಯೇ ಗೆಲ್ಲುತ್ತಿತ್ತು. ಡೀಸೆಲ್ ಸುಟ್ಟು ಆ ಅಂತರ ದಾಟಿದವನನ್ನು ಶಿಕಾರಿಯವನು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಪ್ಪದೆ ಬ್ರಿಟಿಷರ ಎದುರು ನಿಂತ ನೆಲ ಇದು. ‘ನಮ್ಮದು ಬೇಟೆಯ ರಕ್ತ’ ಎಂದು ಜೀಪಿನ ಸೀಟಿನಲ್ಲಿ ಕುಳಿತು ಆ ಹೆಸರು ತೆಗೆಯುವವರನ್ನು ಕಂಡರೆ ನನಗೆ ಮುಜುಗರವಾಗುತ್ತದೆ.

ಅಮೆರಿಕದ ಉದಾಹರಣೆ ನಿಮ್ಮ ಭಾವನವರ ಪರವಾಗಿಲ್ಲ, ವಿರುದ್ಧವಾಗಿದೆ. ಅಲ್ಲಿ ಋತು, ಲೈಸೆನ್ಸ್, ದಿನಕ್ಕೆ ಇಷ್ಟೇ ಎಂಬ ಮಿತಿ ಎಲ್ಲ ಇಟ್ಟುಕೊಂಡು ಹಕ್ಕಿ ಬೇಟೆಗೆ ಅನುಮತಿ ಇದೆ. ಆದರೂ ಬಾತು ಮೊದಲಾದ ವಲಸೆ ಹಕ್ಕಿಗಳನ್ನು ಮೋಟಾರು ವಾಹನದಿಂದ ಹೊಡೆಯುವುದನ್ನು ಅಲ್ಲಿನ ಕೇಂದ್ರ ನಿಯಮಗಳು ನಿಷೇಧಿಸಿವೆ. ಕಾಲಿಲ್ಲದವರು, ಕಾಲಿನ ಸ್ವಾಧೀನ ಕಳೆದುಕೊಂಡವರು ನಿಂತ ವಾಹನದಿಂದ ಹೊಡೆಯಬಹುದು ಎಂಬ ವಿನಾಯಿತಿ ಮಾತ್ರ ಇದೆ. ಮೋಟಾರು ದೋಣಿಯಾದರೆ ಯಂತ್ರ ಆರಿಸಿ, ಅದರ ಓಟ ಪೂರ್ತಿ ನಿಂತ ಮೇಲೆ ಗುರಿ ಇಡಬೇಕು. ಬ್ರಿಟನ್ನಿನ 1981ರ ಕಾಯ್ದೆಯೂ ಯಂತ್ರಚಾಲಿತ ವಾಹನದಲ್ಲಿ ಕಾಡುಹಕ್ಕಿಯನ್ನು ಬೆನ್ನಟ್ಟಿ ಕೊಲ್ಲುವುದನ್ನು ಅಪರಾಧ ಎನ್ನುತ್ತದೆ. ಬೇಟೆಯನ್ನು ಕ್ರೀಡೆ ಎಂದು ಒಪ್ಪಿಕೊಂಡ ದೇಶಗಳೇ ಗಾಡಿಯಿಂದ ಕೆಳಗಿಳಿ ಎನ್ನುತ್ತವೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ಮಕ್ಕಳುಮರಿ ಸಮೇತ ಹೊಲದಲ್ಲಿಯೇ ಗುಡಿಸಲು ಹಾಕಿಕೊಂಡು ಮಲಗುತ್ತಾರೆ. ಕುಲುಕುವ ಜೀಪಿನಿಂದ ಕತ್ತಲಿಗೆ ಬಂದೂಕು ಹಾರಿಸುವವನಿಗೆ ಜಾಲಿಯ ಹಿಂದೆ ಏನಿದೆ ಎಂದು ಹೇಗೆ ಗೊತ್ತಾಗಬೇಕು?

ಶಿಕ್ಷೆಯ ವಿಷಯ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಕೌಜುಗದಂಥ ಹಕ್ಕಿಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಳಕಿಗೆ ಸಿಕ್ಕಿದ್ದು ನವಿಲಾಗಿದ್ದರೆ, ಅಥವಾ ಜೀಪು ಗೊತ್ತಿಲ್ಲದೆ ಯಡಹಳ್ಳಿ ಚಿಂಕಾರ ಧಾಮದ ಗಡಿಯೊಳಗೆ ಹೋಗಿದ್ದರೆ, ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ, ದಂಡ 25,000ಕ್ಕೆ ಕಡಿಮೆಯಿಲ್ಲ. ಅಪರಾಧ ಸಾಬೀತಾದರೆ ಬಂದೂಕಿನ ಲೈಸೆನ್ಸ್ ರದ್ದು ಮಾಡಿ ಐದು ವರ್ಷ ಹೊಸದು ಸಿಗದಂತೆಯೂ ನ್ಯಾಯಾಲಯ ಆದೇಶಿಸಬಹುದು.

ಸ್ಟಿಯರಿಂಗ್ ಹಿಡಿದ ಭಾವನವರಿಗೆ 52ನೇ ಕಲಂ ಇದೆ: ಕುಮ್ಮಕ್ಕು ಕೊಟ್ಟವನೂ ಅಪರಾಧ ಮಾಡಿದವನೇ. ಅವರಿಗೆ ಇನ್ನೂ ಒಂದು ಹೊರೆ ಹೆಚ್ಚು, ಏಕೆಂದರೆ ಜೀಪು ಅವರದು. 39ನೇ ಕಲಂ ಪ್ರಕಾರ ಅಪರಾಧಕ್ಕೆ ಬಳಸಿ ಜಪ್ತಾದ ವಾಹನ ಸರ್ಕಾರದ ಸ್ವತ್ತು. ವಿಚಾರಣೆ ಮುಗಿಯುವವರೆಗೆ ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು, 2008ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದಾರಿ ಇದೆ ಎಂದಿದೆ. ಆದರೆ ಬಾಂಡು, ಜಾಮೀನು, ತಾರೀಖು ಎಂದು ಅಲೆಯುವಷ್ಟರಲ್ಲಿ ಜೀಪು ಅರಣ್ಯ ಕಚೇರಿಯ ಅಂಗಳದಲ್ಲಿ ಬಿಸಿಲು ಮಳೆಗೆ ನಿಂತಿರುತ್ತದೆ. ಅಂಥ ಅಂಗಳಗಳಲ್ಲಿ ಟಯರು ಕುಸಿದು, ಸೀಟಿನ ಸ್ಪಂಜು ಕಿತ್ತು, ಬಾನೆಟ್ಟಿನ ಸಂದಿಯಲ್ಲಿ ಹುಲ್ಲು ಬೆಳೆದ ಗಾಡಿಗಳನ್ನು ನೋಡಿದ್ದೇನೆ.

ಭಾವನವರಿಗೆ ಕಲಂ ಎಲ್ಲ ಓದಿ ಹೇಳುವ ಅಗತ್ಯವಿಲ್ಲ. ಅಕ್ಕನ ಎದುರಿಗೆ ಜೀಪಿನ ಸಾಲದ ಕಂತು ಇನ್ನೆಷ್ಟು ಬಾಕಿ ಇದೆ ಎಂದು ಕೇಳಿ, ಜಪ್ತಾದರೂ ಕಂತು ತಪ್ಪುವುದಿಲ್ಲ ಎಂದಷ್ಟು ತಿಳಿಸಿ. ಗೆಳೆಯರು ಆಮೇಲೂ ಬೇರೆ ಗಾಡಿ ತಂದರೆ ಬಂದೂಕು ಹಿಡಿದವರ ಎದುರು ಹೋಗಿ ನಿಲ್ಲಬೇಡಿ. ಗಾಡಿಯ ನಂಬರು, ಸಮಯ, ಜಾಗ ಬರೆದುಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಗುಂಡು ಹಾರುತ್ತಿದ್ದರೆ 112ಕ್ಕೂ ಮಾಡಿ.