ನಗರಗಳೂ ಕಾರ್ಖಾನೆಗಳೂ ತಮ್ಮ ಕಸ, ತ್ಯಾಜ್ಯವನ್ನು ಪರಸ್ಪರ ಹಂಚಿಕೊಂಡು ಬಳಸುವುದು ನಿಜಕ್ಕೂ ಸಾಧ್ಯವೇ?

ಸಾಧ್ಯ. ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಪಟ್ಟಣದಲ್ಲಿ ದಶಕಗಳಿಂದ ನಡೆಯುತ್ತಿದೆ. ತೈಲ ಸಂಸ್ಕರಣಾಗಾರದ ಹೆಚ್ಚುವರಿ ಅನಿಲವನ್ನು 1972ರಲ್ಲೇ ಪಕ್ಕದ ಜಿಪ್ಸಮ್ ಹಲಗೆ ಕಾರ್ಖಾನೆ ಇಂಧನವಾಗಿ ಬಳಸತೊಡಗಿತು. ಆಮೇಲೆ ವಿದ್ಯುತ್ ಸ್ಥಾವರದ ಶಾಖ ಕೊಳವೆಗಳಲ್ಲಿ ಹರಿದು ಊರಿನ ಮನೆಗಳನ್ನು ಬೆಚ್ಚಗಿಟ್ಟಿತು. ಆ ಸ್ಥಾವರದ ಹೊಗೆಯಿಂದ ಗಂಧಕ ತೆಗೆಯುವಾಗ ಸಿಕ್ಕ ಜಿಪ್ಸಮ್ ಅದೇ ಹಲಗೆ ಕಾರ್ಖಾನೆಗೆ ಕಚ್ಚಾವಸ್ತುವಾಯಿತು. ಸ್ವಾರಸ್ಯವೆಂದರೆ ಇದಕ್ಕೆ ಮೊದಲೇ ಹಾಕಿದ ನೀಲನಕ್ಷೆ ಇರಲಿಲ್ಲ. ಇಬ್ಬರಿಗೂ ಲಾಭ ಕಂಡಾಗ ಒಂದೊಂದೇ ಒಪ್ಪಂದ ಆಗುತ್ತಾ ಹೋಯಿತು.

ನಗರವೂ ಕೊಡಬಲ್ಲದು: ಶುದ್ಧೀಕರಿಸಿದ ಚರಂಡಿ ನೀರು ಯಂತ್ರಗಳನ್ನು ತಣಿಸಲು, ಉರಿಯಬಲ್ಲ ಒಣಕಸ ಸಿಮೆಂಟ್ ಕಾರ್ಖಾನೆಯ ಕುಲುಮೆಗಳಿಗೆ ಇಂಧನವಾಗಿ.

ನನ್ನ ಪ್ರಕಾರ ತಂತ್ರಜ್ಞಾನಕ್ಕಿಂತ ನಂಬಿಕೆಯೇ ದೊಡ್ಡ ತೊಡಕು. ಹಬೆಯನ್ನು ಬಹುದೂರ ಸಾಗಿಸಲಾಗದು, ಹಾಗಾಗಿ ನೆರೆಯವರನ್ನೇ ನೆಚ್ಚಬೇಕು. ಕೊಡುವ ಕಾರ್ಖಾನೆ ಬಾಗಿಲು ಹಾಕಿದರೆ ಪಡೆಯುವವರು ಪೇಚಿಗೆ ಸಿಲುಕುತ್ತಾರೆ.