ಚರ್ಚ್ ನಡೆಸುವ ಪುಟ್ಟ ಕಾಲೇಜಿಗೆ ಮಗಳನ್ನು ಕಳುಹಿಸಬಹುದೇ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದಾಳೆ. ಅಮೆರಿಕದ ಇಂಡಿಯಾನ ರಾಜ್ಯದ ಅರ್ಲಮ್ ಕಾಲೇಜಿಗೆ ಅರ್ಜಿ ಹಾಕುತ್ತೇನೆಂದು ಹಟ ಹಿಡಿದಿದ್ದಾಳೆ. ಅದು ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಸ್ಥಾಪಿಸಿದ ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜಂತೆ. ನಾವು ಲಿಂಗಾಯತರು. ಅಲ್ಲಿ ಧರ್ಮದ ಒತ್ತಡ ಇರುತ್ತದೆಯೇ? ಜೀವವಿಜ್ಞಾನ ಓದಬೇಕೆನ್ನುವವಳಿಗೆ ಆರ್ಟ್ಸ್ ಕಾಲೇಜು ಸರಿಯೇ? ಖರ್ಚಿಗೆ ಏನು ದಾರಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಚರ್ಚಿನ ನಂಟಿರುವ ಅಮೆರಿಕದ ಕಾಲೇಜುಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನು ಮೊದಲು ಗಮನಿಸಿ. ಇಲಿನಾಯ್ ರಾಜ್ಯದ ವೀಟನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕ್ರೈಸ್ತ ಜೀವನಕ್ರಮದ ಒಡಂಬಡಿಕೆಯೊಂದಕ್ಕೆ ಒಪ್ಪಿಗೆ ನೀಡಬೇಕು. ಪ್ರಾರ್ಥನಾ ಸಭೆಗೆ ಹಾಜರಿಯೂ ಕಡ್ಡಾಯ. ನಾರ್ವೆಯಿಂದ ವಲಸೆ ಬಂದ ಲೂಥರನ್ ಎಂಬ ಕ್ರೈಸ್ತ ಪಂಥದವರು 1874ರಲ್ಲಿ ಮಿನೆಸೋಟದಲ್ಲಿ ಕಟ್ಟಿದ ಸೇಂಟ್ ಓಲಾಫ್ ಕಾಲೇಜಿನಲ್ಲಿ ಪ್ರಾರ್ಥನೆಗೆ ಹೋಗುವುದು ಬಿಡುವುದು ವಿದ್ಯಾರ್ಥಿಯ ಇಷ್ಟ, ಆದರೆ ಪಠ್ಯಕ್ರಮದಲ್ಲಿ ಧರ್ಮದ ಅಧ್ಯಯನಕ್ಕೆ ಸ್ಥಾನವಿದೆ. ಅರ್ಲಮ್ ಇವೆರಡಕ್ಕಿಂತಲೂ ಸಡಿಲ. ಅಲ್ಲಿ ಆರಾಧನೆಗೆ ಹಾಜರಾಗಬೇಕೆಂಬ ನಿಯಮವಿಲ್ಲ, ಯಾವ ನಂಬಿಕೆಗೂ ಸಹಿ ಹಾಕಬೇಕಾಗಿಲ್ಲ. ಮಂಗಳೂರಿನಲ್ಲಿ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಆರಂಭಿಸಿದ ಸೇಂಟ್ ಅಲೋಶಿಯಸ್ ಕಾಲೇಜಿನಲ್ಲಿ ಎಲ್ಲ ಧರ್ಮಗಳ ಮಕ್ಕಳು ತಲೆಮಾರುಗಳಿಂದ ಓದುತ್ತ ಬಂದಿರುವುದನ್ನು ಬಲ್ಲ ನಮಗೆ ಇದು ತೀರ ಹೊಸದೇನಲ್ಲ. ಆದರೂ ನನ್ನ ಮಾತನ್ನೇ ನಂಬಿ ಕೂರದೆ, ಯಾವುದೇ ಕಾಲೇಜಿಗೆ ಹಣ ಕಟ್ಟುವ ಮುನ್ನ ಅದರ ವಿದ್ಯಾರ್ಥಿ ನಡವಳಿಕೆಯ ನಿಯಮಾವಳಿಯನ್ನು ತರಿಸಿಕೊಂಡು ತಾಯಿ ಮಗಳಿಬ್ಬರೂ ಪೂರ್ತಿ ಓದಿ.

ಹಾಗೆಂದು ಅರ್ಲಮ್‌ನಲ್ಲಿ ಕ್ವೇಕರ್ ಪರಂಪರೆ ಹೆಸರಿಗಷ್ಟೇ ಉಳಿದಿದೆ ಎಂದು ತಿಳಿಯಬೇಡಿ. 1847ರಲ್ಲಿ ವಸತಿ ಶಾಲೆಯಾಗಿ ಆರಂಭವಾಗಿ 1859ರಲ್ಲಿ ಕಾಲೇಜಾದ ಈ ಸಂಸ್ಥೆಯಲ್ಲಿ ಅಧ್ಯಾಪಕರನ್ನು ಬಿರುದು, ಪದವಿಗಳಿಲ್ಲದೆ ಬರಿಯ ಹೆಸರಿನಿಂದ ಕರೆಯುವ ರೂಢಿಯಿದೆ. ಎಲ್ಲರೂ ದೇವರ ಮುಂದೆ ಸಮಾನರು ಎಂಬ ಕ್ವೇಕರರ ನಂಬಿಕೆಯೇ ಅದರ ಮೂಲ. ಸಭೆಗಳು ಕೆಲವು ಕ್ಷಣಗಳ ಮೌನದಿಂದ ಆರಂಭವಾಗುತ್ತವೆ, ಮತ ಎಣಿಸುವ ಬದಲು ಸಹಮತಕ್ಕೆ ಬರುವವರೆಗೆ ಮಾತನಾಡುವ ಪದ್ಧತಿಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದ ಅಮೆರಿಕನ್ನರನ್ನು ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿದ್ದಾಗ, ಅಂಥ ಕೆಲವು ವಿದ್ಯಾರ್ಥಿಗಳಿಗೆ ಈ ಕಾಲೇಜು ಸೀಟು ಕೊಟ್ಟಿತು. ಸಂಸ್ಥೆಯೊಂದರ ಧರ್ಮವನ್ನು ಅದು ಕಷ್ಟಕಾಲದಲ್ಲಿ ನಡೆದುಕೊಂಡ ರೀತಿಯಿಂದ ಅಳೆಯಬೇಕೆಂದು ನಾನು ನಂಬಿರುವುದರಿಂದ ಈ ಸಂಗತಿಯನ್ನು ನಿಮಗೆ ಹೇಳಲೇಬೇಕೆನಿಸಿತು.

ವಿಜ್ಞಾನದ ಬಗ್ಗೆ ಚಿಂತೆ ಬೇಡ. ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಜೀವವಿಜ್ಞಾನ, ರಸಾಯನವಿಜ್ಞಾನ, ಗಣಿತ ಎಲ್ಲವೂ ಇವೆ. ಆರಂಭದ ವರ್ಷಗಳಲ್ಲಿ ವಿಜ್ಞಾನದ ಜೊತೆಗೆ ಇತಿಹಾಸ, ಭಾಷೆ, ತತ್ತ್ವಶಾಸ್ತ್ರಗಳನ್ನೂ ಓದಿ, ಮುಖ್ಯ ವಿಷಯವನ್ನು ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯ ಹೊತ್ತಿಗೆ ನಿರ್ಧರಿಸಬೇಕು. ವೈರಸ್ಸನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ 1946ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ವೆಂಡೆಲ್ ಸ್ಟ್ಯಾನ್ಲಿ ಪದವಿ ಓದಿದ್ದು ಅರ್ಲಮ್‌ನಲ್ಲೇ. ತರಗತಿಗಳು ಚಿಕ್ಕವಾದ್ದರಿಂದ ಪ್ರಯೋಗಾಲಯದಲ್ಲಿ ಅಧ್ಯಾಪಕರ ಜೊತೆ ನೇರವಾಗಿ ಕೆಲಸ ಮಾಡುವ ಅವಕಾಶ ಪದವಿ ಹಂತದಲ್ಲೇ ಸಿಗುತ್ತದೆ. ವೈದ್ಯಕೀಯ ಓದುವ ಆಸೆಯಿದ್ದರೆ ಮಾತ್ರ ಯೋಚಿಸಿ: ಅಮೆರಿಕದಲ್ಲಿ ಅದು ಪದವಿಯ ನಂತರದ ಓದು, ಮತ್ತು ವಿದೇಶೀಯರಿಗೆ ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ.

ಖರ್ಚಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಇಂಥ ಅನೇಕ ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 50,000 ಡಾಲರ್ ಮೀರುತ್ತದೆ. ಆದರೆ ಈ ಪೂರ್ತಿ ಮೊತ್ತವನ್ನು ಕಟ್ಟುವ ವಿದ್ಯಾರ್ಥಿಗಳು ಕಡಿಮೆ, ಏಕೆಂದರೆ ಅಂಕ ಮತ್ತು ಸಾಧನೆಯನ್ನು ನೋಡಿ ಅಥವಾ ಕುಟುಂಬದ ಆದಾಯವನ್ನು ನೋಡಿ ಕಾಲೇಜೇ ಶುಲ್ಕದಲ್ಲಿ ದೊಡ್ಡ ಪಾಲನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಪ್ರವೇಶ ಪತ್ರ ಬಂದಾಗ, ವಿದ್ಯಾರ್ಥಿವೇತನ ಕಳೆದು ನಾಲ್ಕು ವರ್ಷವೂ ನೀವು ಕೈಯಿಂದ ಕಟ್ಟಬೇಕಾದದ್ದೆಷ್ಟು, ಶುಲ್ಕ ಏರಿದಾಗ ವಿದ್ಯಾರ್ಥಿವೇತನವೂ ಏರುತ್ತದೆಯೇ, ಅದನ್ನು ಉಳಿಸಿಕೊಳ್ಳಲು ಎಷ್ಟು ಅಂಕ ಬೇಕು, ಆರೋಗ್ಯ ವಿಮೆ ಮತ್ತು ರಜೆಯ ದಿನಗಳ ವಸತಿ ಇದರಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲೇ ಕೇಳಿ ತಿಳಿಯಿರಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿ ನಡೆಯುವ ಅವಧಿಯಲ್ಲಿ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು; ಆ ಗಳಿಕೆ ಕೈಖರ್ಚಿಗಾದೀತು, ಶುಲ್ಕಕ್ಕಾಗದು. ಇನ್ನೊಂದು ಮಾತು: ‘ಅರ್ಲಿ ಡಿಸಿಷನ್’ ವಿಧಾನದಲ್ಲಿ ಅರ್ಜಿ ಹಾಕಿದರೆ, ಸೀಟು ಸಿಕ್ಕಿದ ಮೇಲೆ ಅಲ್ಲಿಗೇ ಸೇರುತ್ತೇನೆಂದು ಮುಂಚಿತವಾಗಿಯೇ ಒಪ್ಪಿದಂತಾಗುತ್ತದೆ. ಬೇರೆ ಬೇರೆ ಕಾಲೇಜುಗಳ ನೆರವನ್ನು ಹೋಲಿಸಿ ನೋಡಬೇಕಾದ ನಿಮ್ಮಂಥ ಕುಟುಂಬಕ್ಕೆ ಅದು ತಕ್ಕುದಲ್ಲ.

ಕೊನೆಯದಾಗಿ, ಕಾಲೇಜಿನ ಹಣಕಾಸಿನ ಸ್ಥಿತಿಯನ್ನೂ ವಿಚಾರಿಸಿ. ಮೆಥಡಿಸ್ಟ್ ಚರ್ಚಿನ ನಂಟಿದ್ದ, 1842ರಲ್ಲಿ ಸ್ಥಾಪನೆಯಾದ ಅಯೋವ ವೆಸ್ಲಿಯನ್ ವಿಶ್ವವಿದ್ಯಾಲಯ ಮತ್ತು ಅಮೆರಿಕದಲ್ಲೇ ಇದ್ದ, ಲೂಥರನ್ನರ ‘ಫಿನ್‌ಲ್ಯಾಂಡಿಯ’ ಎಂಬ ಹೆಸರಿನ ವಿಶ್ವವಿದ್ಯಾಲಯ, ಎರಡೂ 2023ರಲ್ಲಿ ಬಾಗಿಲು ಮುಚ್ಚಿದವು. ನಡುವೆ ಹೀಗಾದರೆ ದೂರದೂರಿನ ವಿದ್ಯಾರ್ಥಿ ಹೊಸ ಕಾಲೇಜು, ಹೊಸ ದಾಖಲೆಗಳು ಎಂದು ಅಲೆಯಬೇಕಾಗುತ್ತದೆ. ದಾಖಲಾತಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆಯೇ, ವಿಭಾಗಗಳನ್ನು ಮುಚ್ಚುತ್ತಿದ್ದಾರೆಯೇ, ಮಾನ್ಯತೆ ನೀಡುವ ಸಂಸ್ಥೆ ಎಚ್ಚರಿಕೆ ಕೊಟ್ಟಿದೆಯೇ ಎಂದು ಪ್ರವೇಶ ವಿಭಾಗದವರನ್ನು ಕೇಳಲು ಸಂಕೋಚಪಡಬೇಡಿ.

ಪ್ರಶ್ನೆ: ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇಂಥ ಕಾಲೇಜಿಗೆ ಅರ್ಜಿ ಹಾಕಬಹುದೇ?
– ವಿದ್ಯಾರ್ಥಿ, ಶಿರಸಿ

ಉತ್ತರ: ಖಂಡಿತ ಹಾಕಬಹುದು. ಟೋಫೆಲ್ ಅಥವಾ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಕಾಲೇಜು ಕೇಳುವಷ್ಟು ಅಂಕ ಬೇಕು, ಅದಕ್ಕೆ ಈಗಿನಿಂದಲೇ ಅಭ್ಯಾಸ ಮಾಡಿ. ಅನೇಕ ಕಾಲೇಜುಗಳು ಬಳಸುವ ‘ಕಾಮನ್ ಅಪ್ಲಿಕೇಷನ್’ ಅರ್ಜಿಯಲ್ಲಿ 650 ಪದಗಳೊಳಗೆ ನಿಮ್ಮ ಬಗ್ಗೆ ಪ್ರಬಂಧ ಬರೆಯಬೇಕು. ಏಜೆಂಟರಿಂದ ಬರೆಸಬೇಡಿ, ನಿಮ್ಮ ಊರು, ಮನೆಯ ಕೆಲಸ, ನೀವಾಗಿಯೇ ಬೆನ್ನು ಹತ್ತಿ ಕಲಿತ ವಿಷಯ ಇವುಗಳನ್ನು ಸರಳವಾದ ಇಂಗ್ಲಿಷಿನಲ್ಲಿ ಬರೆದರೆ, ಚಿಕ್ಕ ಕಾಲೇಜಿನವರು ಗಮನವಿಟ್ಟು ಓದುತ್ತಾರೆ. ಶಿಫಾರಸು ಪತ್ರಗಳನ್ನು ಮತ್ತು ಅಂಕಪಟ್ಟಿಗಳನ್ನು ನಿಮ್ಮ ಪಿಯು ಕಾಲೇಜಿನವರೇ ಅಂತರ್ಜಾಲದ ಮೂಲಕ ಕಳುಹಿಸಬೇಕಾಗುತ್ತದೆ. ಈ ಕ್ರಮ ನಮ್ಮ ಹಲವು ಉಪನ್ಯಾಸಕರಿಗೆ ಹೊಸದಾದ್ದರಿಂದ, ಕೊನೆಯ ದಿನಾಂಕಕ್ಕೆ ಎರಡು ತಿಂಗಳು ಮೊದಲೇ ಪ್ರಾಂಶುಪಾಲರನ್ನು ಭೇಟಿಯಾಗಿ ವಿವರಿಸಿ.